ಬ್ರೆಡ್ ಮಷೀನ್ ತಗೊಳ್ಳೋದಾ, ಬೇಡ್ವಾ? ಬಳಸಿದವರು ಹೇಳಿ

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಮನೆಗೆ ಬ್ರೆಡ್ ಮಷೀನ್ ತಗೊಳ್ಳುವ ಯೋಚನೆ ನಡೆದಿದೆ. ನಾವು ಐದು ಜನ. ಮಕ್ಕಳ ಡಬ್ಬಿಗೆ ವಾರದಲ್ಲಿ ಎರಡು ಮೂರು ದಿನ ಸ್ಯಾಂಡ್‌ವಿಚ್ ಹೋಗುತ್ತದೆ. ಅಪ್ಪನಿಗೆ ಬಿಪಿ ಇದೆ, ಉಪ್ಪು ಕಡಿಮೆ ಮಾಡಿ ಅಂದಿದ್ದಾರೆ ಡಾಕ್ಟರು. ಅವರು ರಾತ್ರಿ ಊಟ ಬಿಟ್ಟು ಹಾಲು-ಬ್ರೆಡ್ಡಿಗೆ ಇಳಿದಿದ್ದಾರೆ. ಅಂಗಡಿ ಬ್ರೆಡ್ಡಿನಲ್ಲಿ ಉಪ್ಪು ಎಷ್ಟಿದೆಯೋ ನಮ್ಮ ಕೈಯಲ್ಲಿಲ್ಲ, ಅಲ್ವಾ?

ಆನ್‌ಲೈನಿನಲ್ಲಿ ಆರೇಳು ಸಾವಿರದಿಂದ ಶುರುವಾಗಿ ಹದಿನೈದು ಸಾವಿರದ ಆಚೆಗೂ ಬೆಲೆ ಹೋಗುತ್ತದೆ. ಅಮೆರಿಕದಲ್ಲಿರುವ ತಂಗಿ ದಸರಾಕ್ಕೆ ಬರುವಾಗ ಒಂದು ತರುತ್ತೇನೆ ಅನ್ನುತ್ತಿದ್ದಾಳೆ. ನನ್ನ ಹೆಂಡತಿಯದು ಒಂದೇ ಪ್ರಶ್ನೆ: "ಇದೂ ಅಟ್ಟ ಸೇರೋದಾ?" ಜ್ಯೂಸರ್, ರೋಟಿ ಮೇಕರ್ ಎಲ್ಲ ಈಗಾಗಲೇ ಅಲ್ಲಿವೆ.

ಯೂಟ್ಯೂಬ್ ಲಿಂಕ್ ದಯವಿಟ್ಟು ಬೇಡ. ಅಲ್ಲಿ ಎಲ್ಲರ ಬ್ರೆಡ್ಡೂ ಚೆನ್ನಾಗಿಯೇ ಬರುತ್ತದೆ.

ಪೌಂಡ್ ಬ್ರೆಡ್ (ಬಸವನಗುಡಿ, ಬೆಂಗಳೂರು)

ಬೇಡ ಸರ್. ಸಂಜೆ ಅಯ್ಯಂಗಾರ್ ಬೇಕರಿಗೆ ಹೋಗಿ, ಬಿಸಿ ಬಿಸಿ ಅರ್ಧ ಪೌಂಡು ಕಟ್ ಮಾಡಿಸಿಕೊಂಡು ಬನ್ನಿ. ಮೊಟ್ಟೆ ಇರುವುದಿಲ್ಲ. ಜೊತೆಗೆ ಎರಡು ದಿಲ್‌ಪಸಂದ್ ಕಟ್ಟಿಸಿಕೊಂಡರೆ ಮನೆಯವರೆಲ್ಲ ಖುಷಿ. ಇದಕ್ಕೆ ಎಂಟು ಸಾವಿರದ ಡಬ್ಬ ಯಾಕೆ?

ಪೈಸೆ ಪೈಸೆ (ತುಮಕೂರು)

ಅವರು ಕೇಳಿದ್ದು ಉಪ್ಪಿನ ವಿಷಯ, ನೀವು ದಿಲ್‌ಪಸಂದ್ ತಿನ್ನಿ ಅಂತಿದ್ದೀರಿ 😀

ನಾನು ದುಡ್ಡಿನ ಲೆಕ್ಕ ಹೇಳುತ್ತೇನೆ. ಒಂದು ದೊಡ್ಡ ಲೋಫಿಗೆ ಅರ್ಧ ಕೆಜಿ ಹಿಟ್ಟು ಬೇಕು. ನಮ್ಮ ಕಡೆ ರೇಟಿನಲ್ಲಿ ಅದು ಸುಮಾರು 25 ರೂಪಾಯಿ. ಎಣ್ಣೆಗೋ ಬೆಣ್ಣೆಗೋ 10. ಯೀಸ್ಟ್, ಸಕ್ಕರೆ, ಉಪ್ಪು ಸೇರಿ 3. ಕರೆಂಟ್ ಸುಮಾರು 0.4 ಯೂನಿಟ್, ಅದಕ್ಕೊಂದು 3. ಒಟ್ಟು 40 ರೂಪಾಯಿ ಆಸುಪಾಸು. ಇದರಿಂದ ಬರುವುದು ಮುಕ್ಕಾಲು ಕೆಜಿ ಬ್ರೆಡ್. ಅಷ್ಟೇ ತೂಕದ್ದನ್ನು ಪ್ಯಾಕೆಟ್‌ನಲ್ಲಿ ಕೊಂಡರೆ, 400 ಗ್ರಾಮಿಗೆ 45 ಅಂತ ಹಿಡಿದರೂ, 85ರ ಹತ್ತಿರ ಆಗುತ್ತದೆ.

ಅಂದರೆ ಲೋಫಿಗೆ 45 ರೂಪಾಯಿ ಉಳಿತಾಯ. ಎಂಟು ಸಾವಿರದ ಮಷೀನಿನ ದುಡ್ಡು ಹುಟ್ಟಲು ಸುಮಾರು 180 ಲೋಫ್ ಮಾಡಬೇಕು. ವಾರಕ್ಕೆ ಎರಡು ಮಾಡಿದರೆ ಎರಡು ವರ್ಷದೊಳಗೆ ಆಗುತ್ತದೆ. ತಿಂಗಳಿಗೆ ಎರಡು ಮಾಡುವವರಾದರೆ ಏಳೆಂಟು ವರ್ಷ. ಅಷ್ಟು ವರ್ಷ ಒಳಗಿನ ಪಾತ್ರೆಯ ನಾನ್‌ಸ್ಟಿಕ್ ಲೇಪನ ಬಾಳುವುದಿಲ್ಲ. ಹಾಗಾಗಿ ಮಷೀನ್ ಯಾವುದು ಅಂತ ಆಮೇಲೆ ನೋಡಿ. ಒಂದು ತಿಂಗಳು ಮನೆಗೆ ಬಂದ ಬ್ರೆಡ್ ಪ್ಯಾಕೆಟ್ ಎಣಿಸಿ ಮೊದಲು.

ಗೃಹಜ್ಯೋತಿಯಲ್ಲಿ ಕರೆಂಟ್ ಫ್ರೀ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹಳೆಯ ಸರಾಸರಿಗೆ ಸ್ವಲ್ಪ ಸೇರಿಸಿ ಕೊಟ್ಟಿದ್ದಾರೆ. ಅದರ ಮೇಲೆ ಹೋದರೆ ಹೆಚ್ಚಾದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲೇ ಬರುತ್ತದೆ. ಆದರೆ ಬ್ರೆಡ್ ಮಷೀನಿನಿಂದ ಯಾರೂ 200 ದಾಟುವುದಿಲ್ಲ, ಬಿಡಿ. ಗೀಸರ್ ನೋಡಿಕೊಳ್ಳಿ.

ಒಲೆಮುಂದೆ (ಮೈಸೂರು)

ನಾನು ವರ್ಷಗಳಿಂದ ಬಳಸುತ್ತಿದ್ದೇನೆ. ನಮ್ಮನೆಯಲ್ಲಿ ಅದು ಅಟ್ಟಕ್ಕೆ ಹೋಗಿಲ್ಲ. ಆದರೆ ಮಷೀನ್ ತಗೊಂಡ ಎಲ್ಲರಿಗೂ ಒಗ್ಗುತ್ತದೆ ಅಂತ ಹೇಳುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮಷೀನಿನೊಳಗೆ ಇರುವುದು ಒಂದೇ ಪಾತ್ರೆ. ತಳದಲ್ಲಿ ಹಿಟ್ಟು ನಾದುವ ಒಂದು ರೆಕ್ಕೆ, ಸುತ್ತ ಕಾಯಿಲ್. ಅದೇ ಪಾತ್ರೆಯಲ್ಲಿ ನಾದುತ್ತದೆ, ಬೆಚ್ಚಗಿಟ್ಟು ಉಬ್ಬಿಸುತ್ತದೆ, ಮತ್ತೆ ಒಮ್ಮೆ ತಿರುಗಿಸಿ ಗಾಳಿ ತೆಗೆಯುತ್ತದೆ, ಇನ್ನೊಮ್ಮೆ ಉಬ್ಬಿಸಿ ಬೇಯಿಸುತ್ತದೆ. ಮಾಮೂಲಿ ಬ್ರೆಡ್ಡಿಗೆ ಮೂರರಿಂದ ನಾಲ್ಕು ಗಂಟೆ. ಗೋಧಿ ಹಿಟ್ಟಿನದಕ್ಕೆ ಇನ್ನೂ ಜಾಸ್ತಿ. ಆದರೆ ನಮ್ಮ ಕೈಕೆಲಸ ಹತ್ತು ನಿಮಿಷವೂ ಇಲ್ಲ. ನೀವು ದುಡ್ಡು ಕೊಡುತ್ತಿರುವುದು ಆ ಬಿಡುವಿಗೆ. ರುಚಿಗೆ ಅಂದುಕೊಂಡರೆ ನಿರಾಸೆ ಆಗಬಹುದು.

ತೂಕದ ಯಂತ್ರ ಇಲ್ಲದೆ ಮಷೀನ್ ತಗೊಳ್ಳಲೇಬೇಡಿ. ಕಪ್ಪಿನಲ್ಲಿ ಅಳೆದರೆ ಒಂದು ದಿನ ಇಟ್ಟಿಗೆ, ಒಂದು ದಿನ ಮೇಲೆ ಗುಂಡಿ. 500 ಗ್ರಾಂ ಮೈದಾಕ್ಕೆ 300ರಿಂದ 320 ಗ್ರಾಂ ನೀರು, ಒಂದು ಸಣ್ಣ ಚಮಚ ಇನ್‌ಸ್ಟಂಟ್ ಯೀಸ್ಟ್. ಮೊದಲು ನೀರು, ಎಣ್ಣೆ, ಉಪ್ಪು, ಸಕ್ಕರೆ. ಅದರ ಮೇಲೆ ಹಿಟ್ಟು. ಹಿಟ್ಟಿನ ನಡುವೆ ಗುಳಿ ಮಾಡಿ ಯೀಸ್ಟ್. ರಾತ್ರಿ ಟೈಮರ್ ಇಟ್ಟು ಮಲಗುವುದಾದರೆ ಈ ವರಸೆ ಮುಖ್ಯ. ಯೀಸ್ಟ್ ಮೊದಲೇ ನೆನೆದರೆ ಬೆಳಗಿನ ಜಾವಕ್ಕೆ ಅದರ ಶಕ್ತಿ ಮುಗಿದಿರುತ್ತದೆ. ಟೈಮರ್ ಇಟ್ಟ ದಿನ ಹಾಲು, ಮೊಟ್ಟೆ ಹಾಕಬೇಡಿ. ರಾತ್ರಿಯೆಲ್ಲ ಹೊರಗಿದ್ದರೆ ಕೆಡುತ್ತವೆ.

ನಾದಲು ಶುರುವಾದ ಹತ್ತು ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿ. ತೆಗೆಯಬಾರದು ಅಂತ ಹೆದರಿಸುತ್ತಾರೆ. ನಾದುವಾಗ ತೆಗೆದರೆ ಏನೂ ಆಗುವುದಿಲ್ಲ, ಬೇಯುವಾಗ ಮಾತ್ರ ತೆಗೆಯಬಾರದು. ಹಿಟ್ಟು ಚಪಾತಿಯದಕ್ಕಿಂತ ಸಡಿಲ ಇರಬೇಕು, ಹೋಳಿಗೆ ಕಣಕಕ್ಕಿಂತ ಸ್ವಲ್ಪ ಬಿಗಿ. ಪಾತ್ರೆಯ ಗೋಡೆಗೆ ಅಂಟುತ್ತಿದ್ದರೆ ಒಂದು ಚಮಚ ಹಿಟ್ಟು, ಒಣ ಉಂಡೆಯಾಗಿ ಸದ್ದು ಮಾಡುತ್ತಿದ್ದರೆ ಒಂದು ಚಮಚ ನೀರು. ಇಷ್ಟು ಕಲಿತರೆ ಮುಕ್ಕಾಲು ಪಾಠ ಮುಗಿಯಿತು.

ಈಗ ಕಿರಿಕಿರಿಗಳು. ಲೋಫಿನ ತಳದಲ್ಲಿ ರೆಕ್ಕೆ ಸಿಕ್ಕಿಕೊಳ್ಳುತ್ತದೆ. ತೆಗೆದರೆ ತೂತು. ಹಾಗಾಗಿ ಎರಡು ಮೂರು ಸ್ಲೈಸ್ ಯಾವಾಗಲೂ ಹರಕು. ಕೊನೆಯ ಸಲ ನಾದಿದ ಮೇಲೆ ಕೈಹಾಕಿ ರೆಕ್ಕೆ ತೆಗೆದುಬಿಟ್ಟರೆ ತೂತು ಸಣ್ಣದಾಗುತ್ತದೆ, ಆದರೆ ಆ ಹೊತ್ತಿಗೆ ಎದುರು ನಿಂತಿರಬೇಕು. ಬ್ರೆಡ್ಡಿನ ಆಕಾರ ಉದ್ದುದ್ದ, ಪ್ಯಾಕೆಟ್ ಬ್ರೆಡ್ ಹಾಗಿರುವುದಿಲ್ಲ. ಮೇಲ್ಭಾಗ ಬಿಳಿಚಿಕೊಂಡು, ಪಕ್ಕದ ಸಿಪ್ಪೆ ದಪ್ಪ ಆಗುತ್ತದೆ. ಬೆಂದ ಕೂಡಲೇ ಹೊರಗೆ ತೆಗೆದು ಜಾಲರಿ ಮೇಲೆ ಇಡದಿದ್ದರೆ ಆ ಸಿಪ್ಪೆಯೂ ಬೆವರಿ ಒದ್ದೆಯಾಗುತ್ತದೆ. ಒಂದು ಗಂಟೆ ಆರುವ ತನಕ ಕುಯ್ಯುವಂತಿಲ್ಲ. ಕುಯ್ಯಲು ಹಲ್ಲಿನ ಚಾಕು ಬೇಕೇ ಬೇಕು.

ಮೆತ್ತಗಿರುವುದು ಒಂದು ದಿನ. ಪ್ಯಾಕೆಟ್ ಬ್ರೆಡ್ಡಿಗೆ ಮೆತ್ತಗಾಗಿಸುವ ವಸ್ತುಗಳನ್ನೆಲ್ಲ ಹಾಕಿರುತ್ತಾರೆ, ನಮ್ಮದರಲ್ಲಿ ಇಲ್ಲ. ಎರಡು ಚಮಚ ಮೈದಾವನ್ನು ಹಾಲಲ್ಲೋ ನೀರಲ್ಲೋ ಗಂಜಿ ಮಾಡಿ, ಆರಿಸಿ, ಹಿಟ್ಟಿನ ಜೊತೆ ಹಾಕಿದರೆ ಮಾರನೇ ದಿನಕ್ಕೂ ಮೆತ್ತಗಿರುತ್ತದೆ. ಗಂಜಿಗೆ ಹಾಕಿದ ನೀರನ್ನು ಒಟ್ಟು ನೀರಿನಲ್ಲಿ ಕಳೆಯಿರಿ.

ನಿಜ ಹೇಳಬೇಕೆಂದರೆ ನಮ್ಮಲ್ಲಿ ಬ್ರೆಡ್ಡಿಗಿಂತ ಖಾರಾ ಬನ್ನಿಗೇ ಮಷೀನ್ ಜಾಸ್ತಿ ಓಡುತ್ತದೆ. ಬರೀ ನಾದಿ ಉಬ್ಬಿಸುವ ಪ್ರೋಗ್ರಾಂ ಇದೆಯಲ್ಲ, ಅದು. ಒಂದೂವರೆ ಗಂಟೆಗೆ ಹಿಟ್ಟು ರೆಡಿ. ಈರುಳ್ಳಿ, ಹಸಿಮೆಣಸು, ಕರಿಬೇವು, ಸಬ್ಬಸಿಗೆ ಸೇರಿಸಿ ಉಂಡೆ ಕಟ್ಟಿ ಒಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) ಬೇಯಿಸುತ್ತೇನೆ. ಚಪಾತಿ ಹಿಟ್ಟೂ ಕಲಸುತ್ತದೆ ಅಂತ ಜಾಹೀರಾತಿನಲ್ಲಿ ತೋರಿಸುತ್ತಾರೆ. ಕಲಸುತ್ತದೆ, ನಿಜ. ಹತ್ತು ಚಪಾತಿಗೆ ಆ ಪಾತ್ರೆ ತೊಳೆಯುವವರು ಯಾರು?

ಧಾರವಾಡ ಗಿರಣಿ

ಅಕ್ಕಾರ ಬರದದ್ದು ಪೂರ್ತಿ ಖರೇ. ನಮ್ಮದು ಹಿಟ್ಟಿನ ಗಿರಣಿ, ಅದಕ್ಕ ಹಿಟ್ಟಿನ ಮಾತು ನಾ ಹೇಳತೇನಿ.

ಬಹಳ ಮಂದಿ ಮಷೀನ್ ತಗೊಳ್ಳುವುದು "ಮೈದಾ ಬೇಡ, ಗೋಧಿ ಬ್ರೆಡ್ ತಿನ್ನೋಣ" ಅಂತ. ಅಲ್ಲೇ ಎಡವುವುದು. ಬ್ರೆಡ್ ಉಬ್ಬಬೇಕಾದರೆ ಹಿಟ್ಟಿನ ಅಂಟು, ಅಂದರೆ ಗ್ಲೂಟೆನ್, ಯೀಸ್ಟಿನ ಗಾಳಿಯನ್ನು ಹಿಡಿದಿಡಬೇಕು. ಗಿರಣಿ ಹಿಟ್ಟಿನಲ್ಲಿ ತವುಡು ಇರುತ್ತದೆ, ಅದು ಆ ಅಂಟಿನ ಎಳೆಗಳನ್ನು ಕತ್ತರಿಸುತ್ತದೆ. ಕಲ್ಲಿನ ಚಕ್ಕಿಯಲ್ಲಿ ಹಿಟ್ಟು ಬಿಸಿಯಾಗಿ, ಪಿಷ್ಟ ಒಡೆದು, ನೀರು ಜಾಸ್ತಿ ಕುಡಿಯುತ್ತದೆ. ಚಪಾತಿ ಮೆತ್ತಗಾಗುವುದಕ್ಕೆ ಇದೇ ಗುಣ ಬೇಕು, ಬ್ರೆಡ್ಡಿಗೆ ಇದೇ ತೊಡಕು. ಬರೀ ಗೋಧಿಯಲ್ಲಿ ಅಂಗಡಿ ಬ್ರೆಡ್ಡಿನ ಎತ್ತರ ಬರುವುದಿಲ್ಲ ರೀ. ಅರ್ಧ ಮೈದಾ, ಅರ್ಧ ಗೋಧಿಯಿಂದ ಶುರು ಮಾಡಿ. ಆಮೇಲೆ ಗೋಧಿ ಹೆಚ್ಚಿಸುತ್ತಾ ಹೋಗಿ, ನೀರನ್ನೂ ಹೆಚ್ಚಿಸಿ. ಪೂರ್ತಿ ಗೋಧಿಯೇ ಬೇಕೆಂದರೆ ಗ್ಲೂಟೆನ್ ಪುಡಿ ಬೇರೆ ಸಿಗುತ್ತದೆ, ಅರ್ಧ ಕೆಜಿಗೆ ಎರಡು ದೊಡ್ಡ ಚಮಚ ಹಾಕಿ.

ಜವೆ ಗೋಧಿ ಆರೋಗ್ಯಕ್ಕೆ ಒಳ್ಳೆಯದು ಅಂತ ತಂದು ಮಷೀನಿಗೆ ಸುರಿಯಬೇಡಿ. ಮಾದಲಿಗೆ, ಹುಗ್ಗಿಗೆ ಅದರಷ್ಟು ರುಚಿ ಬೇರೆ ಇಲ್ಲ. ಬ್ರೆಡ್ಡಿಗೆ ಅದರ ಅಂಟು ಸಾಲದು.

ತುಂಗಾತೀರ (ಶಿವಮೊಗ್ಗ)

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಪೈಸೆಯವರ ಮಾತಿನಂತೆ ಬಿಲ್ಲುಗಳನ್ನು ನೋಡಿದೆ. ವಾರಕ್ಕೆ ಎರಡು ಪ್ಯಾಕೆಟ್ ಗ್ಯಾರಂಟಿ, ಕೆಲವೊಮ್ಮೆ ಮೂರು. ಉಪ್ಪಿನ ಬಗ್ಗೆ ಯಾರೂ ಹೇಳಲಿಲ್ಲ. ಉಪ್ಪಿಲ್ಲದೆ ಬ್ರೆಡ್ ಆಗುತ್ತಾ?

ಇನ್ನೊಂದು, ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ. ಅರ್ಧಕ್ಕೆ ಹೋದರೆ ಏನು ಗತಿ?

ಒಲೆಮುಂದೆ (ಮೈಸೂರು)

ಆಗುತ್ತದೆ, ಆದರೆ ಸುಮ್ನೆ ಉಪ್ಪು ಬಿಟ್ಟರೆ ಸಾಲದು. ಉಪ್ಪು ಯೀಸ್ಟಿಗೆ ಲಗಾಮು ಹಾಕುತ್ತದೆ. ಅದು ಕಡಿಮೆಯಾದರೆ ಹಿಟ್ಟು ಗಬಗಬ ಉಬ್ಬಿ, ಬೇಯುವ ಹೊತ್ತಿಗೆ ಕುಸಿಯುತ್ತದೆ. ಮಾಮೂಲಿ 500 ಗ್ರಾಂ ಹಿಟ್ಟಿಗೆ 8ರಿಂದ 10 ಗ್ರಾಂ ಉಪ್ಪು ಹಾಕುತ್ತಾರೆ. ಅದನ್ನು 5ಕ್ಕೆ ಇಳಿಸಿ, ಯೀಸ್ಟನ್ನೂ ಕಾಲು ಭಾಗ ಇಳಿಸಿ, ನೀರು ಒಂದು ಚಮಚ ಕಡಿಮೆ ಮಾಡಿ. ಸಪ್ಪೆ ಅನ್ನಿಸಿದರೆ ಜೀರಿಗೆಯೋ ಓಮವೋ ಹಾಕಿ.

ಅಂಗಡಿ ಬ್ರೆಡ್ಡಿನಲ್ಲಿ ಸಾಮಾನ್ಯವಾಗಿ ನೂರು ಗ್ರಾಮಿಗೆ ಒಂದು ಗ್ರಾಂ ಆಸುಪಾಸು ಉಪ್ಪು ಇರುತ್ತದೆ. ಪ್ಯಾಕೆಟ್ ಹಿಂದೆ ಸೋಡಿಯಂ ಅಂತ ಮಿಲಿಗ್ರಾಂ ಲೆಕ್ಕದಲ್ಲಿ ಬರೆದಿರುತ್ತಾರೆ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ. ದಿನಕ್ಕೆ 5 ಗ್ರಾಮಿನೊಳಗೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ಕು ಸ್ಲೈಸ್ ತಿಂದರೆ ಒಂದು ಗ್ರಾಂ ಅಲ್ಲೇ ಹೋಯಿತು. ಹಾಗಾಗಿ ಅಪ್ಪನ ವಿಷಯಕ್ಕೆ ಮಷೀನ್ ಕೆಲಸಕ್ಕೆ ಬರುತ್ತದೆ. ಆದರೆ ಕಡಿಮೆ ಸೋಡಿಯಂ ಉಪ್ಪು ಅಂತ ಸಿಗುವುದನ್ನು ಡಾಕ್ಟರನ್ನು ಕೇಳದೆ ಹಾಕಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ತಗೊಳ್ಳುವವರಿಗೆ ಆಗಿಬರುವುದಿಲ್ಲ.

ಕಡಲಬದಿ (ಕುಂದಾಪುರ)

ಕರೆಂಟಿನ ವಿಷಯ ನಾನು ಹೇಳುತ್ತೇನೆ ಮಾರಾಯ್ರೆ. ಹಲವು ಮಷೀನುಗಳಲ್ಲಿ ಹತ್ತು ಹದಿನೈದು ನಿಮಿಷ ನೆನಪಿಟ್ಟುಕೊಳ್ಳುವ ವ್ಯವಸ್ಥೆ ಇರುತ್ತದೆ. ಅಷ್ಟರೊಳಗೆ ಕರೆಂಟ್ ಬಂದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಇಲ್ಲದಿದ್ದರೆ ಮೊದಲಿನಿಂದ. ಅರ್ಧ ಉಬ್ಬಿದ ಹಿಟ್ಟನ್ನು ಮತ್ತೆ ನಾದಲು ಶುರು ಮಾಡುತ್ತದೆ! ತಗೊಳ್ಳುವ ಮೊದಲು ಇದನ್ನು ಕೇಳಿ. ಮತ್ತೆ, ಬರೀ ಬೇಯಿಸುವ ಪ್ರೋಗ್ರಾಂ ಒಂದು ಬೇರೆಯಾಗಿ ಇರಬೇಕು. ಅದಿದ್ದರೆ ಎಷ್ಟು ಹೊತ್ತಿಗೆ ಕರೆಂಟ್ ಬಂದರೂ ನಾವೇ ಬೇಯಿಸಿಕೊಳ್ಳಬಹುದು. ಇನ್ವರ್ಟರಿನಲ್ಲಿ ನಾದುವ ತನಕ ತೊಂದರೆ ಇಲ್ಲ. ಬೇಯಿಸುವಾಗ 500, 600 ವ್ಯಾಟ್ ಎಳೆಯುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ.

ನಮ್ಮ ಮನೆಯಲ್ಲಿ ಮಷೀನ್ ಕೆಲಸವಿಲ್ಲದೆ ಕೂತಿದೆ. ಕಾರಣ ಮಷೀನ್ ಅಲ್ಲ, ನಮ್ಮ ಹವೆ. ಏಪ್ರಿಲ್ ಸೆಕೆಗೆ ಹಿಟ್ಟು ಮಷೀನ್ ಹೇಳಿದಷ್ಟು ಹೊತ್ತು ಕಾಯುವುದಿಲ್ಲ, ಉಕ್ಕಿ ಮುಚ್ಚಳಕ್ಕೆ ಅಂಟುತ್ತದೆ. ಫ್ರಿಜ್ಜಿನ ನೀರು ಹಾಕಿ, ಯೀಸ್ಟ್ ಕಡಿಮೆ ಮಾಡಿ ಅದನ್ನು ಸರಿ ಮಾಡಿಕೊಂಡೆವು. ಮಳೆಗಾಲದಲ್ಲಿ ಬೂಸ್ಟು. ಎರಡನೇ ದಿನಕ್ಕೇ ಹಸಿರು ಚುಕ್ಕೆ. ಫ್ರಿಜ್ಜಿನಲ್ಲಿಟ್ಟರೆ ಬೂಸ್ಟು ತಡವಾಗಿ ಬರುತ್ತದೆ, ಆದರೆ ಬೇಗ ಒಣಕಲಾಗುತ್ತದೆ. ಸ್ಲೈಸ್ ಮಾಡಿ ಫ್ರೀಜರಿನಲ್ಲಿಟ್ಟು, ಬೇಕಾದಷ್ಟೇ ತೆಗೆದು ಕಾವಲಿ ಮೇಲೆ ಬಿಸಿ ಮಾಡುವುದು ಒಂದೇ ದಾರಿ. ಇಷ್ಟೆಲ್ಲ ಮಾಡಿದರೂ ನಮ್ಮವರಿಗೆ ಬೆಳಿಗ್ಗೆ ನೀರುದೋಸೆಯೇ ಬೇಕು. ಆ ಮೇಲೆ ಬ್ರೆಡ್ ಯಾರು ತಿನ್ನುತ್ತಾರೆ?

ಬೇಕಾದರೆ ನಮ್ಮದನ್ನು ಒಯ್ದು ನೋಡಿ. ತಿಂಗಳು ಎರಡು ತಿಂಗಳು ಇಟ್ಟುಕೊಳ್ಳಿ. ಶಿವಮೊಗ್ಗಕ್ಕೆ ನಮ್ಮ ಕಡೆಯವರು ಓಡಾಡುತ್ತಲೇ ಇರುತ್ತಾರೆ.

ಎಡಿಸನ್ ಕನ್ನಡಿಗ (ನ್ಯೂಜೆರ್ಸಿ)

ತಂಗಿಗೆ ಈಗಲೇ ಫೋನ್ ಮಾಡಿ ಬೇಡ ಅನ್ನಿ! ಇಲ್ಲಿನ ಮಷೀನ್ 120 ವೋಲ್ಟಿನದು. ಅಲ್ಲಿ 230. ಪಿನ್ ಬದಲಿಸುವ ಅಡಾಪ್ಟರ್ ಹಾಕಿ ಚುಚ್ಚಿದರೆ ಸುಟ್ಟುಹೋಗುತ್ತದೆ. ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಸಾವಿರ ವ್ಯಾಟಿನದು, ಕಲ್ಲಿನ ಭಾರ. ಮೇಲಾಗಿ ಪಾತ್ರೆಯೋ ರೆಕ್ಕೆಯೋ ಹಾಳಾದರೆ ಭಾರತದಲ್ಲಿ ಆ ಮಾಡೆಲ್ಲಿನ ಸಾಮಾನು ಸಿಗುವುದು ಕಷ್ಟ.

ಅಂದಹಾಗೆ, ಇಲ್ಲಿ ಹಳೆ ಸಾಮಾನಿನ ಅಂಗಡಿಗೆ ಹೋದರೆ ಬ್ರೆಡ್ ಮಷೀನ್ ಕಾಣದೆ ಇರುವುದು ಅಪರೂಪ. ಮದುವೆಗೆ ಉಡುಗೊರೆ ಬಂದದ್ದು, ಬಳಸದೆ ಕೊಟ್ಟದ್ದು. ಅಟ್ಟದ ಸಮಸ್ಯೆ ಶಿವಮೊಗ್ಗಕ್ಕೆ ಮಾತ್ರ ಸೀಮಿತವಲ್ಲ.

ಹುಬ್ಬಳ್ಳಿ ಒಟಿಜಿ

ನನ್ನ ಅಭಿಪ್ರಾಯ ಬೇರೆ. ಅದೇ ದುಡ್ಡಿಗೆ ಒಳ್ಳೆಯ ಒಟಿಜಿ ಬರುತ್ತದೆ. ಬ್ರೆಡ್, ಕೇಕ್, ಬಿಸ್ಕತ್ತು, ಪನೀರ್ ಟಿಕ್ಕಾ ಎಲ್ಲ ಆಗುತ್ತದೆ. ಮಷೀನಿನಲ್ಲಿ ಬ್ರೆಡ್ ಬಿಟ್ಟರೆ ಜಾಮ್. ನಾದಲು ಪುರುಸೊತ್ತಿಲ್ಲ ಅಂದರೆ ಸಡಿಲ ಹಿಟ್ಟು ಕಲಸಿ, ಚಿಟಿಕೆ ಯೀಸ್ಟ್ ಹಾಕಿ, ರಾತ್ರಿಯಿಡೀ ಬಿಡಿ. ಅಂಟು ತಾನೇ ಬೆಳೆಯುತ್ತದೆ. ಬೆಳಿಗ್ಗೆ ಬೇಯಿಸಿ. ಸಿಪ್ಪೆಯ ರುಚಿಗೆ ಮಷೀನ್ ಎಂದೂ ಸಮ ಬರುವುದಿಲ್ಲ.

ಪೈಸೆ ಪೈಸೆ (ತುಮಕೂರು)

ಒಟಿಜಿ 1,500 ವ್ಯಾಟ್ ಆಸುಪಾಸು. ಮೊದಲು ಕಾಯಿಸಬೇಕು, ಆಮೇಲೆ ಮುಕ್ಕಾಲು ಗಂಟೆ ಬೇಯಿಸಬೇಕು. ಕರೆಂಟ್ ಎರಡರಷ್ಟು ಹೋಗುತ್ತದೆ. ಆದರೆ ಅದೂ ಐದಾರು ರೂಪಾಯಿ, ಒಪ್ಪುತ್ತೇನೆ. ನಿಜವಾದ ವ್ಯತ್ಯಾಸ ಬೇರೆ. ಒಟಿಜಿ ಇಟ್ಟುಕೊಂಡವರು ಭಾನುವಾರ ಬ್ರೆಡ್ ಮಾಡುತ್ತಾರೆ. ಮಂಗಳವಾರ ರಾತ್ರಿ ಹನ್ನೊಂದಕ್ಕೆ, ನಾಳೆ ಡಬ್ಬಿಗೆ ಬ್ರೆಡ್ ಇಲ್ಲ ಅಂದಾಗ ಮಾಡುವವರು ಮಷೀನಿನವರೇ.

ಅನುಮಾನಪ್ಪ (ದಾವಣಗೆರೆ)

ದುಡ್ಡಿನ ಲೆಕ್ಕ ಎಲ್ಲ ಸರಿ. ಆದರೆ ಅಂಗಡಿ ಬ್ರೆಡ್ಡಿನಲ್ಲಿ ಕ್ಯಾನ್ಸರ್ ತರುವ ಬ್ರೋಮೇಟ್ ಎಂಬ ರಾಸಾಯನಿಕ ಹಾಕುತ್ತಾರೆ ಅಂತ ಬಂದಿತ್ತಲ್ಲ? ಅದಕ್ಕಾದರೂ ಮನೆಯಲ್ಲೇ ಮಾಡಬೇಕು.

ಒಲೆಮುಂದೆ (ಮೈಸೂರು)

ಅದು 2016ರ ಮಾತು. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಬ್ರೆಡ್, ಬನ್, ಪಾವ್‌ಗಳನ್ನು ಪರೀಕ್ಷೆ ಮಾಡಿಸಿ, ಹೆಚ್ಚಿನವುಗಳಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಇದೆ ಎಂದು ವರದಿ ಕೊಟ್ಟಿತ್ತು. ಅದೇ ವರ್ಷ ಜೂನಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಬ್ರೋಮೇಟನ್ನು ನಿಷೇಧಿಸಿತು. ಈಗ ಹಾಕುವಂತಿಲ್ಲ. ಹೆದರಿಕೆಯಿಂದ ಮಷೀನ್ ತಗೊಂಡವರು ಹೆದರಿಕೆ ಹೋದ ಮೇಲೆ ಬಳಸುವುದಿಲ್ಲ, ಇದು ನಾನು ನೋಡಿದ್ದು.

ಒಸಾಕಾ ಕಥೆ (ಬೆಂಗಳೂರು)

ಚರ್ಚೆಗೆ ಸಂಬಂಧವಿಲ್ಲ, ಆದರೂ ಹೇಳುತ್ತೇನೆ. ಒಸಾಕಾದ ಮತ್ಸುಶಿತಾ ಕಂಪನಿ, ಈಗಿನ ಪ್ಯಾನಸೋನಿಕ್, 1985ರಲ್ಲಿ ಈ ಮಷೀನ್ ಮಾಡಲು ಹೊರಟಾಗ ನಾದುವುದೇ ಸರಿಹೋಗಲಿಲ್ಲ. ಹೊರಗೆ ಸೀದು, ಒಳಗೆ ಹಸಿ. ಮನುಷ್ಯ ನಾದಿದ ಹಿಟ್ಟಿನ ಎಕ್ಸ್‌ರೇ, ಮಷೀನ್ ನಾದಿದ ಹಿಟ್ಟಿನ ಎಕ್ಸ್‌ರೇ ಎರಡನ್ನೂ ಇಟ್ಟುಕೊಂಡು ನೋಡಿದರೂ ಗೊತ್ತಾಗಲಿಲ್ಲ. ಕೊನೆಗೆ ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಬ್ರೆಡ್ ಮೇಸ್ತ್ರಿಯ ಹತ್ತಿರ ಶಿಷ್ಯೆಯಾಗಿ ನಿಂತರು. ಆತ ಹಿಟ್ಟನ್ನು ಬರೀ ಒತ್ತುತ್ತಿರಲಿಲ್ಲ, ಒಂದು ಥರ ಎಳೆಯುತ್ತಿದ್ದ. ಆ ಎಳೆತ ಬರಲಿ ಅಂತ ಮಷೀನಿನ ಒಳಗೆ ಏಣುಗಳನ್ನು ಇಟ್ಟರು. ಮಷೀನ್ ತಗೊಳ್ಳುವಾಗ ಪಾತ್ರೆಯ ಒಳಗೋಡೆ ಒಮ್ಮೆ ಸವರಿ ನೋಡಿ, ಏಣು ಇದ್ದರೆ ಅದು ಯಾಕೆ ಅಂತ ಗೊತ್ತಿರಲಿ.

ತುಂಗಾತೀರ (ಶಿವಮೊಗ್ಗ)

ಈ ಕಥೆ ಮಗಳಿಗೆ ಹೇಳಿದೆ, ತುಂಬಾ ಇಷ್ಟಪಟ್ಟಳು.

ಈಗ ಹೀಗೆ ಅಂದುಕೊಂಡಿದ್ದೇವೆ. ಹೊಸದು ಸದ್ಯಕ್ಕೆ ಬೇಡ. ಕಡಲಬದಿಯವರ ಮಷೀನನ್ನು ತರಿಸಿಕೊಂಡು ಮಕ್ಕಳ ಶಾಲೆ ಶುರುವಾದ ಮೇಲೆ ಬಳಸಿ ನೋಡುತ್ತೇವೆ. ರಜದಲ್ಲಿ ಎಲ್ಲರಿಗೂ ಉತ್ಸಾಹ ಇರುತ್ತದೆ, ಅದನ್ನು ನಂಬುವಂತಿಲ್ಲ. ಶಾಲೆ ದಿನಗಳಲ್ಲೂ ವಾರಕ್ಕೆ ಎರಡು ಲೋಫ್ ಆಗುತ್ತಿದೆ ಅಂದರೆ ನಮ್ಮದೇ ಒಂದು ತಗೊಳ್ಳುತ್ತೇವೆ. ತಂಗಿಗೆ ಮಷೀನ್ ಬದಲು ಹಲ್ಲಿನ ಚಾಕು ತಾ ಅಂದಿದ್ದೇನೆ. ಕಡಲಬದಿ ಸರ್, ತರಿಸಿಕೊಳ್ಳುವಾಗ ಏನೇನು ನೋಡಬೇಕು?

ಕಡಲಬದಿ (ಕುಂದಾಪುರ)

ಸರ್ ಅಲ್ಲ, ಅಕ್ಕ 🙂 ರೆಕ್ಕೆ ಪಾತ್ರೆಯೊಳಗೇ ಇದೆ, ಮರೆಯದೆ ಎತ್ತಿಡಿ. ಕಳೆದರೆ ಹೊಸದು ಸಿಗುವುದು ಕಷ್ಟ. ನಮ್ಮದು ಒಮ್ಮೆ ಹಾಳಾಗಿ, ಆ ಕಂಪನಿಯವರು ಬಿಡಿಭಾಗ ಕಳಿಸಲು ಸತಾಯಿಸಿದರು. ನಿಮ್ಮ ಸ್ವಂತದ್ದು ತಗೊಳ್ಳುವಾಗಲೂ ಪಾತ್ರೆ, ರೆಕ್ಕೆ ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲು ಕೇಳಿ. ಪಾತ್ರೆಗೆ ನೀರು ತುಂಬಿಸಿ ಅರ್ಧ ಗಂಟೆ ಪೇಪರಿನ ಮೇಲಿಡಿ. ಪೇಪರ್ ಒದ್ದೆಯಾದರೆ ತಳದ ವಾಷರ್ ಹೋಗಿದೆ ಅಂತ ಅರ್ಥ, ಹಿಟ್ಟಿನ ನೀರು ಕೆಳಗೆ ಇಳಿಯುತ್ತದೆ. ಸ್ಟೀಲ್ ಚಮಚ ತಾಗಿಸಬೇಡಿ. ಕಟ್ಟೆಯ ಅಂಚಿನಲ್ಲಿಡಬೇಡಿ, ನಾದುವಾಗ ಅದುರಿ ಅದುರಿ ಮುಂದಕ್ಕೆ ಸರಿಯುತ್ತದೆ.

ಹೊಸಬ (ಮಂಡ್ಯ)

ತಡವಾಗಿ ಬಂದೆ. ಇದರಲ್ಲಿ ರಾಗಿ ಬ್ರೆಡ್ ಆಗುತ್ತಾ?

ಧಾರವಾಡ ಗಿರಣಿ

ರಾಗಿಯಲ್ಲಿ ಗ್ಲೂಟೆನ್ ಇಲ್ಲ ರೀ, ಬರೀ ರಾಗಿ ಹಾಕಿದರೆ ಮಷೀನಿನಿಂದ ಮುದ್ದೆಯೇ ಹೊರಗೆ ಬರುತ್ತದೆ. ಅರ್ಧ ಕೆಜಿಯಲ್ಲಿ 100 ಗ್ರಾಂ ರಾಗಿ, ಉಳಿದದ್ದು ಮೈದಾ. ಅದಕ್ಕಿಂತ ಜಾಸ್ತಿ ಬೇಡ. ಅಂಗಡಿಯ ರಾಗಿ ಬ್ರೆಡ್ ಪ್ಯಾಕೆಟ್ ತಿರುಗಿಸಿ ಓದಿ, ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕೆಂಬ ನಿಯಮ ಇದೆ. ಮೊದಲ ಹೆಸರು ಏನಿದೆ ಅಂತ ಇಲ್ಲಿ ಬಂದು ಹೇಳಿ.